ಹೆಚ್ಚುವರಿ ಏಳು ಮಂದಿ

ಫೆಬ್ರುವರಿ 3, ಸಂಜೆ 7

ಅಂಜಿನಪ್ಪನ ಪಿಂಚಣಿ ಈ ತಿಂಗಳೂ ಮಂಜೂರಾಗಿಲ್ಲ. ಹೇಳಿದವಳು ಶಿವಲೀಲಾ. ನನ್ನ ಸೊಸೆ ಎಂದು ನಂಬಿದ್ದಲ್ಲ, ಪಟ್ಟಣ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಎಂದು. ಫೈಲ್ ದಾವಣಗೆರೆಯಿಂದ ವಾಪಸ್ ಬಂದಿದೆ. ಕಾರಣ ಹಳೆಯದೇ — ವಂತಿಗೆ ಬಾಕಿ.

ನೌಕರ ಕೆಲಸದಲ್ಲಿರುವಷ್ಟು ವರ್ಷ ಅವನ ಪಿಂಚಣಿಗೆಂದು ಪಂಚಾಯಿತಿ ವಂತಿಗೆ ಕಟ್ಟುತ್ತ ಬರಬೇಕು. ನಮ್ಮವರು ಆರು ವರ್ಷದಿಂದ ಸರಿಯಾಗಿ ಕಟ್ಟಿಲ್ಲ. ಬಾಕಿ ತೀರದೆ ಹೊಸ ಪಿಂಚಣಿ ಹೊರಡುವುದಿಲ್ಲ. ನಾನು ಗುಮಾಸ್ತಿಕೆಯಿಂದ ನಿವೃತ್ತನಾದಾಗ ಈ ತಕರಾರು ಇರಲಿಲ್ಲ. ಆಗ ನಿವೃತ್ತರು ಕಡಿಮೆ. ಈಗ ಸಂಬಳದವರಿಗಿಂತ ಪಿಂಚಣಿಯವರೇ ಹೆಚ್ಚು.

ಕಳೆದ ಮೇ 31ಕ್ಕೆ ಒಂದೇ ಸಲ ನಾಲ್ವರು ಹೊರಬಂದರು. ನಾಲ್ವರೂ ಒಂದೇ ಶಾಲೆಯವರು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್‌ಮಾಸ್ತರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಾಲ್ಕು ಹಾರ, ನಾಲ್ಕು ಶಾಲು, ಒಂದೇ ಫೋಟೊ. ಮುಚ್ಚಿಟ್ಟ ಬಾಕಿ ಬಯಲಾದದ್ದೂ ಅಂದೇ. ಮೂವರಿಗೆ ಹೇಗೋ ನಡೆಯುತ್ತದೆ. ನೀರಿನ ವಾಲ್ವ್ ತಿರುಗಿಸುತ್ತಿದ್ದ ಅಂಜಿನಪ್ಪನಿಗೆ ನಡೆಯುವುದಿಲ್ಲ. ಸಂತೇಬೆನ್ನೂರಿನ ಗೋಡೌನಿನಲ್ಲಿ ಮೆಕ್ಕೆಜೋಳದ ಚೀಲ ಹೊಲಿಯಲು ಹೋಗುತ್ತಿದ್ದಾನೆ. ಹೆಂಡತಿ ಹುಲಿಗೆಮ್ಮನಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ದಾವಣಗೆರೆ, ಡಯಾಲಿಸಿಸ್.

ಫೆಬ್ರುವರಿ 6

ವಾಚನಾಲಯದಲ್ಲಿ ನಿವೃತ್ತರ ಸಂಘದ ಸಭೆ. ಚನ್ನಗಿರಿ, ಹೊನ್ನಾಳಿ ಸಂಘದವರೂ ಬೆಂಬಲಕ್ಕೆ ಬಂದಿದ್ದರು. ಮನವಿ ಕೊಡುವುದೆಂದು ತೀರ್ಮಾನ. ಬರೆಯುವವನು ನಾನು, ಯಾವಾಗಲೂ ಹಾಗೆಯೇ.

ದುಡ್ಡಿಲ್ಲ ಎಂದು ಮುಖ್ಯಾಧಿಕಾರಿ ಹೇಳುತ್ತಾರೆ, ಎಲ್ಲಿದೆ ಎಂದು ನಾವೇ ತೋರಿಸಬೇಕು ಎಂದರು ಅಧ್ಯಕ್ಷ ರುದ್ರಮುನಿ. ಕಂದಾಯ ವಿಭಾಗದಲ್ಲಿದ್ದವರು, ಬಲ್ಲರು. ಹೊರಗುತ್ತಿಗೆಗೆ ಮಂಜೂರಾತಿ ಒಂಬತ್ತು ಮಂದಿಗೆ. ಇರುವವರು ಹದಿನಾರು. ಆ ಏಳು ಮಂದಿ ಯಾರೆಂದು ಊರಿಗೇ ಗೊತ್ತು. ಸದಸ್ಯರ ಕಡೆಯವರು. ಬೆಳಿಗ್ಗೆ ಸಹಿ ಮಾಡಿ ಹೋಗುತ್ತಾರೆ.

ನಾನು ಪೆನ್ನು ನಿಲ್ಲಿಸಿದೆ. ಶಿವಲೀಲಾ ಕೂಡ ಹೊರಗುತ್ತಿಗೆಯೇ. ರುದ್ರಮುನಿ ನಕ್ಕರು.

"ನಿಮ್ಮ ಸೊಸೆ ಒಂದಿನ ರಜ ಹಾಕಿದ್ರೆ ಆಫೀಸ್ನಾಗೆ ಒಂದು ರಸೀದಿ ಹೊರಗೆ ಬರಾಕಿಲ್ಲ ಜಯದೇವಣ್ಣ. ಆಯಮ್ಮನ್ನ ಯಾರು ತೆಗೀತಾರೆ, ಬರೀರಿ."

ಏಳು ಹೆಸರನ್ನೂ ಹಾಕೋಣವೇ ಎಂದು ಯಾರೋ ಕೇಳಿದರು. ಬೇಡ, ಊರಲ್ಲಿ ಮನಸ್ತಾಪ ಎಂದರು ರುದ್ರಮುನಿ. ನನಗೂ ಅದೇ ಸರಿ ಎನಿಸಿತು. ಐವತ್ತು ವರ್ಷ ಪೇಪರ್ ಓದಿದ್ದೇನೆ. ಹೆಸರು ಬರೆದರೆ ಜಗಳ, ಸಂಖ್ಯೆ ಬರೆದರೆ ಸುದ್ದಿ. "ಮಂಜೂರಾತಿಗೆ ಮೀರಿ ಏಳು ಮಂದಿ ಹೆಚ್ಚುವರಿ" ಎಂದಷ್ಟೇ ಬರೆದೆ. ಅವರನ್ನು ಕೈಬಿಟ್ಟು ಉಳಿಯುವ ಹಣದಲ್ಲಿ ವಂತಿಗೆ ಕಟ್ಟುವುದು.

ಫೆಬ್ರುವರಿ 9

ಮನವಿ ಕೊಟ್ಟೆವು. ಟಪಾಲು ತೆಗೆದುಕೊಳ್ಳುವ ಮೇಜಿನಲ್ಲಿ ಶಿವಲೀಲಾಳೇ. ನಿಂತು ಪೂರ್ತಿ ಓದಿದಳು. ಎರಡನೇ ಪುಟವನ್ನು ಮತ್ತೊಮ್ಮೆ. ಸೀಲು, ದಿನಾಂಕ, ಸಹಿ. "ಸ್ವೀಕೃತಿ ತಗೊಳ್ರಿ" ಎಂದಳು, ಎಲ್ಲರಿಗೂ ಹೇಳುವ ಹಾಗೆ.

ಮನೆಗೆ ಬಂದ ಮೇಲೆ ಆ ವಿಷಯ ಎತ್ತಲಿಲ್ಲ. ಮೊಮ್ಮಗಳ ಹೋಂವರ್ಕ್‌ಗೆ ಬೈದಳು. ನಾನೂ ಕೇಳಲಿಲ್ಲ. ಆಫೀಸಿನ ವಿಷಯ ಆಫೀಸಿನಲ್ಲೇ ಬಿಟ್ಟು ಬರುವವಳು.

ಫೆಬ್ರುವರಿ 12

ಪೇಪರಿನಲ್ಲಿ ಬಂದಿದೆ. ಎರಡು ಕಾಲಂ. "ಹೆಚ್ಚುವರಿ ಏಳು ಮಂದಿಗೆ ಸಂಬಳ, ನಿವೃತ್ತರಿಗಿಲ್ಲ ಪಿಂಚಣಿ." ನಾನು ಬರೆದ ವಾಕ್ಯವನ್ನೇ ಎತ್ತಿಕೊಂಡಿದ್ದಾರೆ. ಅಂಕಿ ಎಲ್ಲ ಸರಿ.

ನ್ಯಾಮತಿಯಿಂದ ಬೀಗರು ನಾಗೇಂದ್ರಪ್ಪನವರ ಫೋನ್. ಭೇಷ್ ಎಂದರು. ಹೀಗೆ ಒಬ್ಬರಾದರೂ ಕೇಳುವವರು ಬೇಕು ಎಂದರು. ಫೋನನ್ನು ಅವರ ಮಗಳ ಕೈಗೆ ಕೊಟ್ಟೆ. "ಹ್ಞೂಂ ಅಪ್ಪಾಜಿ, ಓದಿದೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಫೆಬ್ರುವರಿ 25, ಸಂಜೆ

ಹದಿಮೂರು ದಿನ ಏನೂ ಬರೆಯಲಿಲ್ಲ. ಶಿವರಾತ್ರಿ, ಹೆಂಡತಿ ನಿರ್ಮಲಾಗೆ ಜ್ವರ.

ಶಿವಲೀಲಾ ಮಾರ್ಚ್ ಸಭೆಯ ವಿಷಯ ಟಿಪ್ಪಣಿ ತಂದಳು. ಮುಖ್ಯಾಧಿಕಾರಿ ಬರೆದದ್ದನ್ನು ನನ್ನಿಂದ ತಿದ್ದಿಸಿಕೊಂಡು ಹೋಗುವುದು ವಾಡಿಕೆ. ವಿಷಯ ನಾಲ್ಕು: ಪಿಂಚಣಿ ವಂತಿಗೆ ಬಾಕಿ. ಏಪ್ರಿಲ್ 1ರಿಂದ ಏಳು ಹೊರಗುತ್ತಿಗೆ ಸಿಬ್ಬಂದಿಯನ್ನು ಕೈಬಿಟ್ಟು, ಆ ಹಣವನ್ನು ವಂತಿಗೆಗೆ ಕಟ್ಟಲು ಮಂಜೂರಾತಿ ಕೋರಿದೆ. ಗೆದ್ದೆವು ಎನಿಸಿತು. ವಾಕ್ಯ ಉದ್ದವಾಗಿತ್ತು, ಎರಡು ಮಾಡಿದೆ. ಕೆಂಪು ಪೆನ್ನಿನಿಂದ. ಕೊಡುವಾಗ ಸುಮ್ಮನೆ ಕೇಳಿದೆ, ಯಾರ್ಯಾರ ಹೆಸರು ಹೋಗಿದೆ ಎಂದು.

"ನಂದೂ ಐತೆ ಮಾವ."

ಕುಕ್ಕರ್ ಕೂಗುತ್ತಿತ್ತು. ಇಳಿಸಿ ಬಂದು ಹೇಳಿದಳು. ಏಳರಲ್ಲಿ ಸದಸ್ಯರ ಕಡೆಯವರು ಒಬ್ಬರೂ ಇಲ್ಲ. ಪಂಪ್ ಹೌಸಿನ ಇಬ್ಬರು, ಕಸದ ಗಾಡಿಯ ನಾಲ್ವರು, ಅವಳು. ಜಗಳೂರಿನಿಂದ ಕಾಯಂ ಗುಮಾಸ್ತರೊಬ್ಬರು ವರ್ಗವಾಗಿ ಬರುತ್ತಾರೆ, ಕಂಪ್ಯೂಟರ್ ಅವರೇ ನೋಡಿಕೊಳ್ಳುತ್ತಾರಂತೆ. ಮನವಿಯಲ್ಲಿ ಏಳು ಎಂದಿದೆ, ಏಳು ತೆಗೆದಿದ್ದೇವೆ — ಮುಖ್ಯಾಧಿಕಾರಿಯ ಮಾತು.

ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಸೀಲ್ ಹಾಕುವಾಗ್ಲೇ ಅನ್ನಿಸ್ತು. ಏನಂತ ಹೇಳ್ಲಿ? ನೀವು ಬರ್ದಿದ್ರಾಗೆ ಸುಳ್ಳು ಒಂದೂ ಇರ್ಲಿಲ್ಲ." ಟಿಪ್ಪಣಿ ಮಡಿಸಿ ಚೀಲಕ್ಕೆ ಹಾಕುತ್ತ, "ಒಂಬತ್ತು ವರ್ಷ ಆತು ಮಾವ. ಇನ್ನ ಕಾಯಂ ಆಗ್ತೈತೆ ಅಂತ ಕಾಯಾದೂ ಉಳೀತಲ್ಲ ಬಿಡ್ರಿ."

ಮಗ ವಿನಯ್‌ನ ಶಾಮಿಯಾನ ಬಾಡಿಗೆ ಮದುವೆ ದಿನಗಳಲ್ಲಿ ಮಾತ್ರ. ಮನೆ ನಡೆಯುವುದು ಅವಳ ಸಂಬಳದಲ್ಲಿ, ನನ್ನ ಪಿಂಚಣಿಯಲ್ಲಿ. ಎರಡೂ ಒಂದೇ ಕಚೇರಿಯದು ಎಂದು ಇವತ್ತಿನವರೆಗೆ ಯೋಚಿಸಿರಲಿಲ್ಲ.

ಫೆಬ್ರುವರಿ 26

ನಿರ್ಮಲಾ ಹಾಸಿಗೆಯಿಂದಲೇ ಬೈದಳು. ಸಹಿ ಮಾಡಿ ಹೋಗುವ ಆ ಏಳು ಜನರಲ್ಲಿ ಪಾರ್ಕಿನ ಮಾಲಿ ನಿಂಗರಾಜ್ ಯಾರೆಂದು ಗೊತ್ತೇ ಎಂದಳು. ಗೊತ್ತಿಲ್ಲ ಎಂದೆ.

"ರುದ್ರಮುನಿ ತಂಗಿ ಮಗ ಅಲ್ಲೇನ್ರಿ. ಅಮೆರಿಕದ ಎಲೆಕ್ಷನ್ ಎಲ್ಲಾ ಗೊತ್ತಾಗ್ತೈತೆ ನಿಮಗೆ, ಹಿಂದಿನ ಬೀದಿ ಸಂಬಂಧ ಗೊತ್ತಾಗಾಕಿಲ್ಲ."

ರುದ್ರಮುನಿ ಹೆಸರು ಬೇಡ ಎಂದದ್ದು ಅದಕ್ಕೆ. ನಾನು ಬೇಡ ಎಂದದ್ದು ಬೇರೆಯದಕ್ಕೆ. ಫಲ ಒಂದೇ.

ಫೆಬ್ರುವರಿ 28, ಬೆಳಿಗ್ಗೆ 8

ರುದ್ರಮುನಿ ಮನೆಗೆ ಹೋಗಿ ಬಂದೆ. ಪಂಚಾಯಿತಿಯ ಮಾರ್ಚ್ ಸಭೆಯಲ್ಲಿ ನಿವೃತ್ತರ ಪರವಾಗಿ ಒಬ್ಬರು ಮಾತಾಡಬಹುದು, ಸಂಘದಿಂದ ನನ್ನ ಹೆಸರು ಕೊಟ್ಟಾಗಿದೆ. ಅಲ್ಲಿ ಕೆಲಸಕ್ಕೆ ಬಾರದ ಏಳು ಮಂದಿಯ ಹೆಸರನ್ನು ಓದುತ್ತೇನೆ, ನಿಂಗರಾಜನದೂ ಸೇರಿ, ಎಂದೆ. ನಿರಾಕರಿಸಲಿಲ್ಲ. ಕೋಪವೂ ಬರಲಿಲ್ಲ. ತಂಗಿ ಗಂಡ ತೀರಿಕೊಂಡಾಗ ತಾವೇ ಹೇಳಿ ಸೇರಿಸಿದ್ದು ಎಂದು ಒಪ್ಪಿಕೊಂಡರು. ಆಮೇಲೆ, ಕಾಫಿ ಮುಂದಿಟ್ಟು,

"ಓದ್ರಿ. ಬ್ಯಾಡ ಅನ್ನಾಕೆ ನನಗೆ ಮುಖ ಇಲ್ಲ. ಆದ್ರೆ ಹೆಸ್ರು ಬಂತು ಅಂದ್ರೆ ಸದಸ್ಯರು ಗಲಾಟೆ ಎಬ್ಬಿಸ್ತಾರೆ, ವಿಷಯಾನೇ ಮುಂದಕ್ಕೆ ಹಾಕ್ತಾರೆ. ಮಾರ್ಚ್ ದಾಟಿದ್ರೆ ಹೊಸ ಬಜೆಟ್. ಅಂಜಿನಪ್ಪಂದು ಇನ್ನೊಂದು ಆರು ತಿಂಗ್ಳು. ಹುಲಿಗೆಮ್ಮ ಅಲ್ಲಿ ತನಕ ಇರ್ತಾಳೇನು, ನೀವೇ ಹೇಳ್ರಿ."

ಅವರು ಹೇಳಿದ್ದು ಸ್ವಾರ್ಥ, ನಿಜವೂ ಹೌದು. ಮೂವತ್ತು ವರ್ಷ ಆ ಸಭೆಗಳ ನಡವಳಿ ಬರೆದವನು ನಾನು. ಹೆಸರು ಬಂದ ದಿನ ಯಾವ ವಿಷಯವೂ ಪಾಸಾದದ್ದಿಲ್ಲ. ಕಾಫಿ ಕುಡಿದು ಬಂದೆ. ಬಿಟ್ಟು ಬರಬೇಕಿತ್ತು.

ಸಂಜೆ

ವಿನಯ್ ನನ್ನೊಂದಿಗೆ ಮಾತಾಡುತ್ತಿಲ್ಲ. ಊಟಕ್ಕೆ ಕರೆಯಲು ಮಗಳನ್ನು ಕಳಿಸುತ್ತಾನೆ. ಶಿವಲೀಲಾ ಮಾತ್ರ ಎಂದಿನಂತೆ. ಏನು ಮಾಡಲಿ ಎಂದು ಅವಳನ್ನೇ ಕೇಳಿದೆ. ಕೇಳಬಾರದಿತ್ತು.

"ನನ್ನ ಕೇಳಿದ್ರೆ ಓದ್ರಿ ಅಂತೀನಿ. ನನಗೆ ಕೆಲಸ ಬೇಕು ಮಾವ. ಅಂಜಿನಪ್ಪಣ್ಣನ್ನೂ ಒಂದು ಮಾತು ಕೇಳ್ರಿ."

ಮಾರ್ಚ್ 1, ಭಾನುವಾರ, ಮಧ್ಯಾಹ್ನ 3

ಅಂಜಿನಪ್ಪನ ಮನೆಗೆ ಹೋಗಿದ್ದೆ. ಗೋಡೌನಿಗೆ ರಜೆ. ಹುಲಿಗೆಮ್ಮ ಮಂಚದ ಮೇಲಿದ್ದಳು, ಕಾಲು ಊದಿತ್ತು. ಎದ್ದು ಕೂರಲು ನೋಡಿದಳು, ಬೇಡ ಎಂದೆ. ಅವನು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಬಂದ. ಎಲ್ಲ ಹೇಳಿದೆ. ಹೆಸರು ಓದಿದರೆ ಅವನದು ತಡ. ಓದದಿದ್ದರೆ ನನ್ನ ಸೊಸೆಯ ಕೆಲಸ ಹೋಗುತ್ತದೆ. ಪೇಪರಿಗೆ ಬರೆದುಕೊಟ್ಟ ಹಾಗೆ, ಒಂದೂ ಬಿಡದೆ.

ಬೀಡಿ ತೆಗೆದು, ಹಚ್ಚದೆ ಒಳಗಿಟ್ಟ.

"ನನ್ನ ಯಾಕೆ ಕೇಳಾಕೆ ಬಂದ್ರಿ ಸರ್? ಬ್ಯಾಡ ಅಂದ್ರೆ ನಾಳೆ ಆ ತಾಯಿ ಮುಖ ಹೆಂಗೆ ನೋಡ್ಲಿ? ನನ್ನ ಫೈಲ್ ಐದು ಸಲ ಟೈಪ್ ಮಾಡಿ ಕೊಟ್ಟಾಳೆ, ಒಂದು ಟೀ ಸೈತ ಕೊಡಿಸಿಕೊಂಡಿಲ್ಲ. ಓದ್ರಿ ಅಂದ್ರೆ ಒಳಗೆ ಮಲಗಾಕಿಗೆ ಏನಂತ ಹೇಳ್ಲಿ? ಬರೆಯುವಾಗ ನೀವು ನನ್ನ ಕೇಳಿರ್ಲಿಲ್ಲ. ಈಗ್ಲೂ ಕೇಳಬ್ಯಾಡ್ರಿ."

ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಅದು ಹೆಚ್ಚು ಚುಚ್ಚಿತು.

ಸಂಜೆ 6

ಓದುವುದೆಂದು ತೀರ್ಮಾನ. ಕೆಲಸ ಮಾಡುವವರನ್ನು ತೆಗೆದು ಕೊಡುವ ಪಿಂಚಣಿಯನ್ನು ನಾನು ಕೇಳಿರಲಿಲ್ಲ. ಹಾಗೆಂದು ಬರೆಯಲೂ ಇಲ್ಲ. ವಿಷಯ ಮುಂದೂಡದಂತೆ ಕೈಮುಗಿದು ಕೇಳುತ್ತೇನೆ. ಒಪ್ಪದಿದ್ದರೆ ಹುಲಿಗೆಮ್ಮನ ಮುಂದೆ ನಿಲ್ಲಬೇಕಾದವನು ಅಂಜಿನಪ್ಪ ಅಲ್ಲ, ನಾನು. ನಿರ್ಮಲಾಗೆ ಹೇಳಿದೆ. ರುದ್ರಮುನಿಗೂ ಫೋನಿನಲ್ಲಿ ಹೇಳಿದೆ. ಅಂಜಿನಪ್ಪನಿಗೆ ಎರಡು ಸಲ ಮಾಡಿದೆ. ಎತ್ತಲಿಲ್ಲ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಣ ಪಂಚಾಯಿತಿಯ ಸಾಮಾನ್ಯ ಸಭೆ. ಪಿಂಚಣಿ ವಂತಿಗೆ ವಿಷಯ ನಾಲ್ಕನೆಯದು. ನಿವೃತ್ತರ ಪರವಾಗಿ ಐದು ನಿಮಿಷ. ಓದುವ ಪಟ್ಟಿ ಬರೆದಿಟ್ಟೆ; ಮೊದಲ ಹೆಸರು ನಿಂಗರಾಜ್.