ಅಳತೆಗೆ ಇಟ್ಟ ಬಾಚಣಿಗೆ

ಅಪ್ಪಾ,

ನಿನ್ನ ಬಾಚಣಿಗೆ ಇವತ್ತು ಕಡಲಿಗೆ ಇಳಿಯಿತು. ನೀನು ತೀರಿಕೊಂಡ ಮೇಲೆ ಅದು ನನ್ನ ಜೇಬಿನಲ್ಲೇ ಇದೆ.

ರಜೆಯ ದಿನ ನಾವೊಂದಷ್ಟು ಜನ, ನೀರು ಇಳಿದಾಗ ಬಂಡೆಗಳ ನಡುವೆ ಹೋಗಿ, ಕಂಡ ಜೀವಿಗಳ ಫೋಟೊ ತೆಗೆದು ದಾಖಲಿಸುತ್ತೇವೆ. ಸಂಬಳವಿಲ್ಲ, ಮಂಡಿ ತರಚುವುದು ಮಾತ್ರ ಗ್ಯಾರಂಟಿ. ಗಾತ್ರ ತಿಳಿಯಲೆಂದು ಜೀವಿಯ ಪಕ್ಕ ಸ್ಕೇಲು ಇಡಬೇಕು. ಇವತ್ತು ಸ್ಕೇಲನ್ನು ಅಲೆ ಎಳೆದುಕೊಂಡು ಹೋಯಿತು, ಅದರ ಬದಲು ನಿನ್ನ ಬಾಚಣಿಗೆ ಇಟ್ಟೆ.

ಬಂಡೆಯ ಗುಂಡಿಯಲ್ಲಿದ್ದದ್ದು ಚಿಪ್ಪಿಲ್ಲದ ಒಂದು ಬಸವನಹುಳು. ಬಾಚಣಿಗೆ ತಾಗಿದ್ದೇ ತಡ, ಮುದುಡಿಕೊಂಡು ನಿನ್ನ ತಲೆಯಷ್ಟೇ ನುಣ್ಣಗಾಯಿತು.

"ಬೇಗ ಫೋಟೊ ತೆಗೀರಿ, ನೀರು ಏರ್ತಿದೆ," ಅಂದರು ನಮ್ಮ ಗುಂಪಿನ ಟೀಚರಮ್ಮ.

"ಸ್ವಲ್ಪ ಇರಿ ಮೇಡಂ, ಅದು ರೆಡಿಯಾಗ್ಲಿ."

ನಿನಗೆ ನೆನಪಿದೆಯಲ್ಲ, ಮನೆಯ ಫೋಟೊಗಳಲ್ಲೆಲ್ಲ ಬಾಚುವ ಕೈ ನಿನ್ನ ಮುಖಕ್ಕೆ ಅಡ್ಡ. "ಇರೋ ಮಗಾ, ತಲೆ ಬಾಚ್ಕೋತೀನಿ" ಅನ್ನುತ್ತಿದ್ದೆ. "ಬಾಚೋಕೆ ಏನಿದೆಯಪ್ಪಾ ಅಲ್ಲಿ?" ಎಂದು ನಾನು ಕ್ಲಿಕ್ಕಿಸಿಬಿಡುತ್ತಿದ್ದೆ. ಮನೆಯೆಲ್ಲ ನಗು, ನಿನ್ನದೂ ಸೇರಿ.

ಪ್ಯಾಂಟು ತೊಡೆಯವರೆಗೆ ನೆನೆಯಿತು. ಅಲುಗಾಡದೆ ಕೂತೆ. ಕೊನೆಗೂ ಆ ಬೋಳು ಬೆನ್ನಿನ ಮೇಲೆ, ಒಳಗೆಳೆದುಕೊಂಡಿದ್ದ ಕಿತ್ತಳೆ ಬಣ್ಣದ ಕಿವಿರು ಪುಟ್ಟ ಜುಟ್ಟಿನಂತೆ ಅರಳಿತು. ಆಮೇಲೆ ಕ್ಲಿಕ್ಕಿಸಿದೆ.

ಟೀಚರಮ್ಮ ಫೋಟೊ ನೋಡಿ ನಕ್ಕುಬಿಟ್ಟರು. "ಈಗಷ್ಟೇ ತಲೆ ಬಾಚ್ಕೊಂಡು ಬಂದ ಹಾಗಿದೆ ಕಣ್ರೀ!"

ಹೌದಪ್ಪಾ, ಚೆನ್ನಾಗಿ ಬಂದಿದೆ. ಎಲ್ಲೂ ಕೈ ಅಡ್ಡ ಬಂದಿಲ್ಲ.