ನೀವು ಇಟ್ಟು ಮರೆತ ಆಣೆ

ಪ್ರೀತಿಯ ಅತ್ತೆಯವರಿಗೆ,

ನೀವು ಹೋದ ಮೇಲೆ ನಿಮಗೆ ಬರೆಯುವುದು ಇದೇ ಮೊದಲು. ಇದ್ದಾಗಲೂ ಬರೆದವಳಲ್ಲ. ಒಂದೇ ಮನೆಯೊಳಗಿದ್ದವರಿಗೆ ಪತ್ರ ಏಕೆ ಬೇಕು? ಆದರೆ ಕೊನೆಯ ವರ್ಷಗಳಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೆವೆಂದು ನನಗೆ ಅನಿಸುವುದಿಲ್ಲ. ನೀವು ನನ್ನನ್ನು ಯಾರೋ ಬಾಡಿಗೆಯವಳೆಂದು ತಿಳಿದಿದ್ದಿರಿ. ನಾನೋ, ನಿಮ್ಮನ್ನು...

ಆ ಬೆಳಿಗ್ಗೆ ನೆನಪಿದೆ. ನೀವು ಬೋಳು ಕಿವಿಯಲ್ಲಿ ಹಜಾರಕ್ಕೆ ಬಂದಿರಿ. ಮದುವೆಗೆ ನಿಮ್ಮ ತಾಯಿ ಕೊಟ್ಟಿದ್ದ ಬೆಂಡೋಲೆ ಇರಲಿಲ್ಲ. ಹಿಂದಿನ ವಾರವಷ್ಟೇ ನಿಮ್ಮ ಮಗಳು, ಸರಸು ಅತ್ತಿಗೆ, ಸಂಪಾಜೆಯಿಂದ ಬಂದು ನಿಮಗೆ ಎಣ್ಣೆ ಹಚ್ಚಿ ಮೀಯಿಸಿ ಹೋಗಿದ್ದರು. ರಾತ್ರಿ ಓಲೆ ತೆಗೆದಿಡುವ ಒಡವೆ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹಾಗಾಗಿ ಮನೆಯವರ ಕಣ್ಣುಗಳು ಒಂದು ಕ್ಷಣ ಸಂಪಾಜೆಯ ಕಡೆಗೆ, ಒಂದು ಕ್ಷಣ ನನ್ನ ಸೊಂಟಕ್ಕೆ ಹೋದವು. ನಿಮ್ಮ ಮಗ ಏನೂ ಹೇಳಲಿಲ್ಲ. ಆ ಮೌನ ಯಾರ ಪರವಾಗಿತ್ತು? ಇಂದಿಗೂ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ನೀವು ಯಾರನ್ನೂ ಕಾಯಲಿಲ್ಲ. ದೈವದ ಕೋಣೆಯಲ್ಲಿ ದೀಪ ಹಚ್ಚಿ, ತೆಂಗಿನಕಾಯಿ ಇಟ್ಟು, ಮನೆಯವರೆಲ್ಲ ಕೇಳುವಂತೆ ಹೇಳಿದಿರಿ: "ಬೆಂಡೋಲೆ ತೆಗೆದದ್ದು ಸರಸುವೇ. ಅವಳಿಗೂ ಈ ಮನೆಗೂ ಇನ್ನು ಅನ್ನ ನೀರು ಇಲ್ಲ. ಈ ಆಣೆ ಮುರಿದವರನ್ನು ದೈವ ನೋಡಿಕೊಳ್ಳಲಿ." ಸುದ್ದಿ ನಮ್ಮ ಕೆದಂಬಾಡಿಯಿಂದ ಸಂಪಾಜೆಗೆ ಬಸ್ಸಿಗಿಂತ ಮುಂಚೆ ಮುಟ್ಟಿತು. ನಮ್ಮ ಮನೆಯಲ್ಲಿದ್ದು ಪುತ್ತೂರಿನ ಹೈಸ್ಕೂಲಿಗೆ ಹೋಗುತ್ತಿದ್ದ ವಿಮಲೆಯನ್ನು ಅವಳ ತಾಯಿ ಸರಸು ಅತ್ತಿಗೆ ಮರುದಿನವೇ ಕರೆದುಕೊಂಡು ಹೋದರು. "ನನ್ನ ಮಗಳು ಕಳ್ಳಿಯ ಮಗಳಾಗಿ ಇಲ್ಲಿ ಉಣ್ಣುದು ಬೇಡ," ಎಂದರು. ವಿಮಲೆ ಬೆಳಿಗ್ಗೆ ನಾನು ಕಟ್ಟಿದ್ದ ಬುತ್ತಿಯನ್ನು ಮುಟ್ಟದೆ ಇಟ್ಟು ಹೋದಳು. ಮಕ್ಕಳಿಲ್ಲದ ನನಗೆ ಅವಳೇ ಮನೆಯೊಳಗಿನ ಒಂದು ಸದ್ದಾಗಿದ್ದಳು, ಅತ್ತೆ. ಇದನ್ನು ನಿಮಗೆ ಹೇಳಿದ್ದೆನೋ ಇಲ್ಲವೋ.

ಪುತ್ತೂರಿನ ಡಾಕ್ಟರರು ನಿಮ್ಮನ್ನು ನೋಡಿ, "ವಯಸ್ಸಿನ ಅರಳು ಮರಳು, ಮದ್ದಿಲ್ಲ," ಎಂದಾಗ ನಾನು ಅರ್ಧ ನಂಬಿದೆ, ಅರ್ಧ ನಂಬಲಿಲ್ಲ. ನನ್ನ ಹೆಸರು ಮರೆತಿದ್ದಿರಿ. ಆದರೆ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳಿಗೆ ಗಂಜಿಯ ಹದ ತಿಳಿಯದೆಂಬುದು ಮಾತ್ರ ಮರೆಯಲಿಲ್ಲ. ಯಾವ ಮರೆವು ಇಷ್ಟು ಆರಿಸಿ ಆರಿಸಿ ಮರೆಯುತ್ತದೆ? ನೀವು ಕಣ್ಣು ಮುಚ್ಚಿ ಕುಳಿತಾಗ ಎಷ್ಟೋ ಸಲ ನಿಮ್ಮ ರೆಪ್ಪೆಯನ್ನೇ ನೋಡುತ್ತಿದ್ದೆ, ನಡುಗುತ್ತದೆಯೇ ಎಂದು.

ನನ್ನ ಕೈಯಿಂದ ಮೀಯಲು ನೀವು ಒಪ್ಪುತ್ತಿರಲಿಲ್ಲ. "ಈ ಹೆಂಗಸು ಯಾರು? ಸರಸು ಬರಲಿ," ಎಂದು ಬಚ್ಚಲಿನ ಬಾಗಿಲು ಹಿಡಿದು ನಿಲ್ಲುತ್ತಿದ್ದಿರಿ. ಸರಸು ಅತ್ತಿಗೆ ಬರುತ್ತಿದ್ದರು. ಸಂಪಾಜೆಯಿಂದಲೇ ಬಾಟಲಿಯಲ್ಲಿ ನೀರು, ಬಾಳೆಲೆಯಲ್ಲಿ ಅವಲಕ್ಕಿ ತಂದು ಜಗಲಿಯ ತುದಿಯಲ್ಲಿ ಕುಳಿತು ತಿಂದು, ನಿಮ್ಮನ್ನು ಮೀಯಿಸಿ, ತಲೆ ಬಾಚಿ, ಸಂಜೆಯ ಬಸ್ಸು ಹಿಡಿಯುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಅವರ ಕೈಗಳನ್ನೇ ಕಾಯುತ್ತಿದ್ದೆ. ಅವರು ಹೋದ ಮೇಲೆ ಪೆಟ್ಟಿಗೆ ತೆರೆದು ನೋಡುತ್ತಿದ್ದೆ. ಅವರೂ ನಿಮ್ಮ ತೋಳು ಬೆನ್ನುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬಾಸುಂಡೆ ಹುಡುಕುತ್ತಿದ್ದರು ಎಂದು ಆಮೇಲೆ ನನಗೆ ಹೊಳೆಯಿತು.

ಒಂದು ಮಧ್ಯಾಹ್ನ ಅವರು ಬಿಸಿಲಿಗೆ ಬೆಂದು ಬಂದದ್ದನ್ನು ನೋಡಿ ನೀವು ನನ್ನ ಮೇಲೆ ಹರಿಹಾಯ್ದಿರಿ. "ಎಂತ ಮನೆ ಮಾರಾಯ್ತಿ ಇದು? ಮಗಳು ಬಂದ್ರೆ ಬೆಲ್ಲ ನೀರು ಕೊಡುವ ಕ್ರಮವೂ ಇಲ್ವಾ?" ಸರಸು ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಹೇಳಿದೆ, "ಆಣೆ ಉಂಟಲ್ಲ ಅತ್ತೆ. ನೀವೇ ಹಿಂದೆ ತೆಗೆದುಕೊಳ್ಳಿ, ಈಗಲೇ ಕೊಡ್ತೇನೆ."

"ಎಂತ ಆಣೆ? ನನ್ನ ಮಗಳ ಮೇಲೆ ಆಣೆ ಇಟ್ಟವಳು ಯಾರು? ಅವಳ ನಾಲಿಗೆಗೆ ಹುಳ ಬೀಳಲಿ!"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಗು ಬಂತು, ನಗಲಿಲ್ಲ. ಇಟ್ಟವರೇ ತೆಗೆಯಬೇಕು, ಇಟ್ಟವರಿಗೆ ಇಟ್ಟದ್ದೇ ಗೊತ್ತಿಲ್ಲ. ದೈವವನ್ನು ಅಷ್ಟಾಗಿ ನಂಬದ ನನಗೆ ಒಂದು ಲೋಟ ನೀರು ಕೊಡುವ ಧೈರ್ಯ ಏಕೆ ಬರಲಿಲ್ಲ? ಹೆದರಿದ್ದು ದೈವಕ್ಕೋ, ಅಥವಾ ಆ ಆಣೆ ನನ್ನನ್ನು ಸಂಶಯದಿಂದ ಕಾಪಾಡುತ್ತಿತ್ತೋ?

ನೀವು ಹೋದಿರಿ. ನಿಮ್ಮ ಹನ್ನೆರಡನೆಯ ದಿನದ ಊಟಕ್ಕೂ ಹೆತ್ತ ಮಗಳು ಎಲೆಯ ಮುಂದೆ ಕೂರಲಿಲ್ಲ. ಕುಟುಂಬದ ಹಿರಿಯರು ಹೇಳಿದರು: "ಇಟ್ಟವರು ಇಲ್ಲದಿದ್ದರೆ ದೈವಕ್ಕೆ ತಪ್ಪು ಕಾಣಿಕೆ ಹಾಕ್ಬೇಕು. ಆಗ ಆಣೆ ಬಿಡ್ತದೆ." ಯಾರು ಹಾಕುವುದು? ಹಾಕಿದವಳು ಕದ್ದದ್ದನ್ನು ಒಪ್ಪಿಕೊಂಡಳೆಂದು ಊರು ಹೇಳುತ್ತದೆ. ಸಂಪಾಜೆ ನಮ್ಮತ್ತ ನೋಡಿತು, ನಾವು ಸಂಪಾಜೆಯತ್ತ ನೋಡಿದೆವು.

ಹೋದ ತಿಂಗಳು ಸರಸು ಅತ್ತಿಗೆ ಬಂದಿದ್ದರು. ಅಂಗಳದಲ್ಲೇ ನಿಂತು, "ವಿಮಲೆಗೆ ಕಡಬದ ಕಡೆಯ ಹುಡುಗ. ಮದುವೆಗೆ ಅತ್ತೆ ನೀನು ಬಡಿಸದೆ ತಾನು ಉಣ್ಣುದಿಲ್ಲ ಅಂತ ಹುಡುಗಿ ಹಟ ಮಾಡ್ತಾ ಉಂಟು. ನಾನೆಂತ ಮಾಡುದು, ಹೇಳು," ಎಂದರು. ನಾನು ಒಳಗೆ ಹೋಗಿ ತಪ್ಪು ಕಾಣಿಕೆಗೆಂದು ತಟ್ಟೆಯಲ್ಲಿ ಒಂದು ವೀಳ್ಯದೆಲೆ, ಒಂದು ನಾಣ್ಯ ಇಟ್ಟು ತಂದೆ. "ನಿಮ್ಮದಲ್ಲ, ನನ್ನದೂ ಅಲ್ಲ. ಅತ್ತೆಯ ಮರೆವಿನ ತಪ್ಪು. ಅವರನ್ನು ನೋಡಿಕೊಂಡ ಇಬ್ಬರೂ ಹಿಡಿಯುವ."

ಅವರು ಬಹಳ ಹೊತ್ತು ತಟ್ಟೆ ಮುಟ್ಟಲಿಲ್ಲ. ಆಮೇಲೆ ಮುಟ್ಟಿದರು. ದೈವದ ಎದುರು ನಾವಿಬ್ಬರೂ ಒಂದೇ ತಟ್ಟೆ ಹಿಡಿದು ಇಟ್ಟೆವು. ಜಗಲಿಗೆ ಬಂದ ಮೇಲೆ ಬೆಲ್ಲ, ನೀರು ಕೊಟ್ಟೆ. ಅರ್ಧ ಲೋಟ ಕುಡಿದು ಅವರೆಂದರು, "ನೀನು ಈಗಲೂ ನನ್ನ ಕಿವಿಯನ್ನೇ ನೋಡುದಲ್ವಾ?"

"ನೀವು ನನ್ನ ಬೀಗದ ಕೈ ನೋಡ್ತಾ ಇದ್ದೀರಲ್ಲ ಅತ್ತಿಗೆ."

"ಹೌದು, ಅಭ್ಯಾಸ ಆಗಿ ಹೋಗಿದೆ," ಎಂದು ಉಳಿದರ್ಧ ಕುಡಿದರು.

ನಿನ್ನೆ ವಿಮಲೆಯ ಮದುವೆಯಾಯಿತು, ಅತ್ತೆ. ನಿಮಗೆ ಹೇಳಬೇಕಾಗಿದ್ದದ್ದು ಇದು. ಅವಳ ಎಲೆಗೆ ಮೊದಲ ಪಾಯಸ ನಾನೇ ಬಡಿಸಿದೆ. ನನ್ನ ಎಲೆಗೆ ಸರಸು ಅತ್ತಿಗೆ ಬಡಿಸಿದರು. ಬೆಂಡೋಲೆ ಈವರೆಗೂ ಸಿಕ್ಕಿಲ್ಲ. ಬಡಿಸಲು ಬಾಗಿದಾಗ ವಿಮಲೆಯ ಕಿವಿಯಲ್ಲಿ ಒಂದು ಜೋಡಿ ಕಂಡಿತು. ನಿಮ್ಮದರ ಹಾಗೇ ಇತ್ತು. ಆದರೆ ಈ ಸೀಮೆಯ ಬೆಂಡೋಲೆಗಳೆಲ್ಲ ಹಾಗೆಯೇ ಇರುತ್ತವೆ. ಇನ್ನೂ ಸ್ವಲ್ಪ ಬಾಗಿದ್ದರೆ ಗೊತ್ತಾಗುತ್ತಿತ್ತು.

ಬಾಗಲಿಲ್ಲ. ಕುಳಿತು ಊಟ ಮಾಡಿದೆ.

ನಿಮ್ಮ ಸೊಸೆ