ಕೇಳದೆ ನಡೆಯುತ್ತಿರುವ ಅರ್ಚನೆ

ಬ್ಯಾಂಕ್ ಮ್ಯಾನೇಜರ್ ಸಾಹೇಬರಿಗೆ, ಬೆಸಗರಹಳ್ಳಿಯಿಂದ ನಮಸ್ಕಾರ.

ಮೊಮ್ಮಗಳಿಗೆ ಜ್ವರ ಬಂದಾಗ ಫೋನಿನಲ್ಲೇ ಒಂದು ಅರ್ಚನೆಗೆ ದುಡ್ಡು ಕಟ್ಟಿದ್ದೆ. ಜ್ವರವೂ ಬಿಟ್ಟಿತು. ಆದರೆ ಆ ಅರ್ಚನೆ ಆ್ಯಪಿನವರು ನನ್ನನ್ನು ಕೇಳದೆ ತಿಂಗಳು ತಿಂಗಳೂ ನನ್ನ ಖಾತೆಗೆ ಬರುವ ಡೇರಿಯ ಹಾಲಿನ ದುಡ್ಡಿನಲ್ಲಿ ಅರ್ಚನೆಗೆ ಅಂತ ಹಿಡಿಯುತ್ತಿದ್ದಾರೆ.

ಫೋನ್ ಮಾಡಿ ಬೇಡ ಅಂದರೆ, "ಅರ್ಧಕ್ಕೆ ನಿಲ್ಲಿಸಿದರೆ ಮಗುವಿಗೆ ಒಳ್ಳೇದಾಗಲ್ಲ ಅಮ್ಮ" ಅಂದ ಅಲ್ಲಿಯವನು.

"ಯಾವ ಮಗು? ಹೆಸರು, ನಕ್ಷತ್ರ ಹೇಳಪ್ಪ ನೋಡವ" ಅಂದೆ. ಫೋನ್ ಮಡಗಿಬಿಟ್ಟ.

ನಿನ್ನೆ ನಿಮ್ಮ ಕೌಂಟರಿನ ಹೆಣ್ಣುಮಗಳೂ, "ದೇವರ ಕೆಲಸ, ಯಾಕಮ್ಮ ನಿಲ್ಲಿಸ್ತೀರಿ?" ಅಂತ ಹಿಂದುಮುಂದು ನೋಡಿದಳು. ಹೆಸರೇ ಹೇಳದೆ ಅರ್ಚನೆ ಆಗುತ್ತಾ ಸ್ವಾಮಿ? ಇವತ್ತೇ ನಿಲ್ಲಿಸಿ, ಕೇಳದೆ ಹಿಡಿದದ್ದನ್ನು ವಾಪಸ್ ತರಿಸಿಕೊಡಿ. ದೇವರು ಮುನಿದರೆ ನನ್ನ ಮೇಲೆ ಮುನಿಯಲಿ, ಅದಕ್ಕೂ ಸೇರಿಸಿಯೇ ಕೆಳಗೆ ಸಹಿ ಹಾಕಿದ್ದೀನಿ.

ಹೊಂಬಾಳಮ್ಮ